ನೀಲಾಂಬಿಕಾ ಸಿಸ್ಟರ್ ಅವರ ಹಗೇವು

ನಮ್ಮೂರಿನಿಂದ ಗಾಳಿಯ ಮೇಲೆ ಹೊರಗೆ ಹೋದದ್ದನ್ನೆಲ್ಲ ಮರುದಿನ ಬೆಳಿಗ್ಗೆ ಗೊರವಂಕಗಳು ಸಂತೆಕಟ್ಟೆಯ ತಂತಿಯ ಮೇಲೆ ಕೂತು ಹೇಳಿಬಿಡುತ್ತವೆ. ಫೋನಿನಲ್ಲಿ ಆಡಿದ ಮಾತು, ಕಳಿಸಿದ ಸಂದೇಶ, ತುಂಬಿದ ಅರ್ಜಿ, ಒಂದನ್ನೂ ಬಿಡುವುದಿಲ್ಲ. ಏಳು ಗಂಟೆಗೆ ಶುರು ಮಾಡಿದರೆ ಎಂಟರೊಳಗೆ ಮುಗಿಸಿ ಹಾರಿಹೋಗುತ್ತವೆ. ಫೋಟೋ ಕಳಿಸಿದರೆ ಮಾತ್ರ ಅವಕ್ಕೆ ಹೇಳಲು ಬರುವುದಿಲ್ಲ, ಉದ್ದಕ್ಕೆ ಒಂದು ಸಿಳ್ಳು ಹಾಕಿ ಸುಮ್ಮನಾಗುತ್ತವೆ. ಆ ಸಿಳ್ಳು ಕೇಳಿದವರು ಯಾರು ಯಾರಿಗೆ ಎಂಥ ಫೋಟೋ ಕಳಿಸಿದರಪ್ಪಾ ಎಂದು ಮಧ್ಯಾಹ್ನದವರೆಗೆ ತಲೆ ಕೆಡಿಸಿಕೊಳ್ಳುತ್ತಾರೆ. ಹೊರಗಿನವರು ಬಂದರೆ ಇದೇನ್ರಿ ಇದು ಎಂದು ಬಾಯಿ ಬಿಡುತ್ತಾರೆ. ನಮಗೇನೂ ಅನ್ನಿಸುವುದಿಲ್ಲ, ರೂಢಿಯಾಗಿದೆ. ಫೋನಿನಲ್ಲಿ ನಾವು ಊಟ ಆಯಿತೇ, ಬಿಸಿಲು ಹೇಗಿದೆ ಎಂಬುದನ್ನಷ್ಟೇ ಕೇಳುತ್ತೇವೆ. ಜಗಳವಾಡಬೇಕಾದರೆ ಬಸ್ಸು ಹತ್ತಿ ಹೋಗಿ ಎದುರಿಗೆ ನಿಂತು ಆಡಿ ಬರುತ್ತೇವೆ. ಹೀಗಾಗಿ ನಮ್ಮಲ್ಲಿ ಜಗಳ ಕಡಿಮೆ, ಆದವು ಮಾತ್ರ ಗಟ್ಟಿಮುಟ್ಟು.

ಇನ್ನೊಂದು ಪದ್ಧತಿಯನ್ನೂ ಹೇಳಿಬಿಡುತ್ತೇನೆ. ಊರಾಚೆಯ ಗುಡ್ಡ ದಾಟಿದ ಕೂಡಲೇ ಸಿಗ್ನಲ್ ಜೋರಾಗುತ್ತದೆ, ಆಗ ಫೋನು ತನ್ನಷ್ಟಕ್ಕೆ ತಾನೇ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಮೇಲಕ್ಕೆ ಕಳಿಸತೊಡಗುತ್ತದೆ. ಮರುದಿನ ಅದು ಸಂತೆಕಟ್ಟೆಗೆ ಬಂತೆಂದೇ ಲೆಕ್ಕ. ಅದಕ್ಕೇ ಕಂಡಕ್ಟರ್ ಮಾಬುಸಾಬ ಗುಡ್ಡದ ಬುಡದ ತಪಾಸಣೆ ನಾಕಾದಲ್ಲಿ ಬಸ್ಸು ನಿಲ್ಲಿಸಿ, "ಕಿಸೆ ಜಾಡಸ್ರೀ!" ಎಂದು ಕೂಗುತ್ತಾನೆ. ಬಸ್ಸಿನಲ್ಲಿದ್ದವರೆಲ್ಲ ಫೋನು ತೆಗೆದು, ಸೆಟ್ಟಿಂಗ್ಸಿಗೆ ಹೋಗಿ, ಒಂದೊಂದೇ ಆಪ್ ಮುಟ್ಟಿ 'ಡೇಟಾ ಅಳಿಸು' ಒತ್ತುತ್ತಾರೆ. ಮಾತಾಡುತ್ತಾ, ಶೇಂಗಾ ತಿನ್ನುತ್ತಾ, ನೋಡದೆಯೇ ಒತ್ತುವಷ್ಟು ಬೆರಳು ಪಳಗಿವೆ. ಇದನ್ನು ಊರಿಗೆ ಕಲಿಸಿದವಳು ನಾನೇ. ನನ್ನ ಅಂಗಡಿಯ ಮುಂದೆ ಹೇಗೆ ಜಾಡಿಸಬೇಕು ಎಂದು ದೊಡ್ಡ ಅಕ್ಷರದಲ್ಲಿ ಬೋರ್ಡು ಬರೆಸಿ ಹಾಕಿದ್ದೇನೆ, ಬಸ್ ಸ್ಟ್ಯಾಂಡಿಗೆ ಬಂದವರಿಗೆಲ್ಲ ಕಾಣುತ್ತದೆ.

ನನ್ನ ಹೆಸರು ರಾಜಮತಿ. ಮೊಬೈಲ್ ರಿಪೇರಿ ಮಾಡುತ್ತೇನೆ, ಸಣ್ಣಪುಟ್ಟ ಆಪ್ ಬರೆಯುವುದನ್ನೂ ನಾನೇ ಕಲಿತೆ. ಯಾರೂ ಕಲಿಸಲಿಲ್ಲ, ಹೀಗಾಗಿ ಸೊಕ್ಕು ಸ್ವಲ್ಪ ಜಾಸ್ತಿ ಎಂದು ಮಂದಿ ಅನ್ನುತ್ತಾರೆ, ಅನ್ನಲಿ. ಗಂಡ ತೀರಿಕೊಂಡು ಆರು ವರ್ಷವಾಯಿತು. ಮನೆಯಲ್ಲಿ ಇರುವವರು ನಾನು ಮತ್ತು ನನ್ನ ಅತ್ತೆ ತ್ರಿಶಲವ್ವ, ಇಬ್ಬರೇ. ಇಬ್ಬರ ನಡುವೆ ಮಾತಿರಲಿಲ್ಲ. ಒಮ್ಮೆ ನನ್ನ ಅಕ್ಕ ಮನೆಗೆ ಬಂದಾಗ ಅತ್ತೆ ಚಹದ ಕಪ್ಪನ್ನು ಅವಳ ಮುಂದೆಯೇ ನೆಲಕ್ಕೆ ಒಗೆದರು, ಅಕ್ಕನ ರೇಷ್ಮೆ ಸೀರೆಯ ಮೇಲೆಲ್ಲ ಚಹಾ ಚೆಲ್ಲಿತು. ಒಂದು ಮಾತೂ ಆಡದೆ ಎದ್ದು ಒಳಗೆ ಹೋದರು. ನನ್ನ ತವರಿನವರನ್ನು ಹೀಗೆ ಅವಮಾನ ಮಾಡುವ ಹೆಂಗಸಿನ ಜೊತೆ ನನಗೇನು ಮಾತು ಎಂದು ನಾನೂ ಬಾಯಿ ಮುಚ್ಚಿಕೊಂಡೆ. ಆಮೇಲೆ ಅವರಿಗೆ ಏನಾದರೂ ಬೇಕಾದರೆ ಬಾಗಿಲ ಹಿಂದಿನ ಕಸಬರಿಗೆಗೆ ಹೇಳುತ್ತಿದ್ದರು. "ಉಪ್ಪು ತೀರೇತಿ ಅಂತ ಹೇಳು" ಎಂದು. ನಾನೂ ಕಸಬರಿಗೆಗೇ "ತರತೀನಿ ಅಂತ ಹೇಳು" ಎನ್ನುತ್ತಿದ್ದೆ.

ಇನ್ನು ನೀಲಾಂಬಿಕಾ ಸಿಸ್ಟರ್ ಕಥೆ. ಅವರು ನಮ್ಮೂರ ಆರೋಗ್ಯ ಕೇಂದ್ರದ ನರ್ಸು, ಐವತ್ತು ದಾಟಿದವರು, ಊರಿನ ಅರ್ಧ ಮಂದಿಯನ್ನು ಮೊದಲು ಕೈಯಲ್ಲಿ ಹಿಡಿದವರು. ಮೇಲಿನವರು ಅವರಿಗೆ ಒಂದು ಹೊಸ ಫೋನು ಮತ್ತು ಆಪ್ ಕೊಟ್ಟು, ಇನ್ನು ಕಾಗದ ಬೇಡ, ರೋಗಿಗಳ ವಿವರವನ್ನೆಲ್ಲ ಇದರಲ್ಲೇ ತುಂಬಿ ಎಂದರು. ಸಿಸ್ಟರ್ ಮೊದಲ ದಿನವೇ ಪಾಪ ಒಬ್ಬರದನ್ನು ತುಂಬಿದರು. ಮರುದಿನ ಬೆಳಿಗ್ಗೆ ಇಡೀ ಸಂತೆಕಟ್ಟೆ ತುಂಬಾ ಗೊರವಂಕಗಳು, "ಕಲ್ಲಪ್ಪ ಮಾಸ್ತರ, ವಯಸ್ಸು ಐವತ್ತೆರಡು, ಮೂಲವ್ಯಾಧಿ" ಎಂದು ಮೂರು ಸಲ ಹೇಳಿದವು. ಕಲ್ಲಪ್ಪ ಮಾಸ್ತರರು ಎಂಟು ದಿನ ಸಾಲೆಗೇ ಹೋಗಲಿಲ್ಲ. ಆಮೇಲೆ ಆರೋಗ್ಯ ಕೇಂದ್ರಕ್ಕೆ ಕಾಲಿಡುವವರೇ ಇಲ್ಲವಾದರು. ಗುಳಿಗೆ ಬಿಟ್ಟರೂ ಸೈ, ಹಕ್ಕಿಯ ಬಾಯಿಗೆ ಬೀಳುವುದಿಲ್ಲ ಎಂದು ಕೂತರು. ಹೂ ಮಾರುವ ದ್ಯಾಮವ್ವನಿಗೆ ಮೂರ್ಛೆ ರೋಗವಿದೆ ಎಂದು ಸಿಸ್ಟರ್ ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಅವಳು ಗುಳಿಗೆ ಬಿಟ್ಟ ಹದಿನೈದನೇ ದಿನ ಹಾಡುಹಗಲು ಹೂವಿನ ಬುಟ್ಟಿಯ ಮೇಲೆಯೇ ಬಿದ್ದು ಒದ್ದಾಡಿದಳು. ಆಗ ಊರಿಗೆಲ್ಲ ಗೊತ್ತಾಯಿತು.

ಅವತ್ತೇ ಸಿಸ್ಟರ್ ನನ್ನ ಅಂಗಡಿಗೆ ಬಂದರು. ಕಣ್ಣು ಕೆಂಪಗಿದ್ದವು. "ರಾಜಮತಿ, ಮ್ಯಾಲ ಕಳಸಲಾರದ ಆಪ್ ಮಾಡಾಕ ಬರತೈತೇನು? ಬರದದ್ದು ಎಲ್ಲಾ ಈ ಫೋನಿನಾಗ ಉಳಿಬೇಕು. ಸಾಯೂತನಕ ಹೊರಗ ಹೋಗಬಾರದು" ಎಂದರು. ಬರುತ್ತದೆ ಎಂದೆ. ಫೋನಿನ ಹೊಟ್ಟೆಯೊಳಗೇ ಒಂದು ಪುಟ್ಟ ಡೇಟಾಬೇಸ್ ಇಡಬಹುದು, ಅದು ಬೇರೇನೂ ಅಲ್ಲ, ಒಂದು ಕಡತ ಅಷ್ಟೇ. ಅದರೊಳಗೆ ಗೆರೆ ಎಳೆದ ಪಟ್ಟಿ ಇರುತ್ತದೆ, ಸಾಲಿಗೊಬ್ಬರು, ಕಾಲಂಗೊಂದು ವಿಷಯ. ಬೇಕಾದಾಗ ಹೆಸರು ಕೊಟ್ಟರೆ ಆ ಸಾಲು ಎದ್ದು ಬರುತ್ತದೆ, ಬೇಡವಾದಾಗ ಮುಚ್ಚಿಕೊಂಡು ಕೂರುತ್ತದೆ. ಹೀಗೆಲ್ಲ ವಿವರಿಸಿದೆ. ಸಿಸ್ಟರ್ ಪೂರ್ತಿ ಕೇಳಿ, "ಅಂದ್ರ ಹಗೇವು ಇದ್ದಂಗ ಅನ್ನು" ಎಂದರು. ಹಗೇವು ಅಂದರೆ ನಮ್ಮ ಹಿರಿಯರು ಜೋಳ ತುಂಬಿಡಲು ನೆಲದೊಳಗೆ ತೋಡುತ್ತಿದ್ದ ಗುಂಡಿ. ಬಾಯಿಗೆ ಕಲ್ಲಿಟ್ಟು ಮಣ್ಣು ಮೆತ್ತಿದರೆ ಮೇಲೆ ನಡೆದಾಡಿದವರಿಗೂ ಒಳಗೆ ಎಷ್ಟಿದೆ ಎಂದು ತಿಳಿಯುತ್ತಿರಲಿಲ್ಲ. ಆಪಿಗೆ ಅದೇ ಹೆಸರು ಇಟ್ಟೆ.

ಹದಿನೆಂಟು ದಿನ ಕೂತು ಬರೆದೆ. ಹೆಸರು, ವಯಸ್ಸು, ಕಾಯಿಲೆ, ಗುಳಿಗೆ, ಎಷ್ಟು, ಎಷ್ಟು ಹೊತ್ತಿಗೆ, ಇಷ್ಟು ಕಾಲಂ. ಕೊನೆಯಲ್ಲಿ ಜಾಗವಿದೆಯಲ್ಲ ಎಂದು 'ಟಿಪ್ಪಣಿ' ಎಂಬ ಇನ್ನೊಂದು ಕಾಲಂ ಸೇರಿಸಿದೆ. ನೆಟ್‌ವರ್ಕು ಬಳಸುವ ಅನುಮತಿಯನ್ನು ಆಪ್ ಕೇಳುವುದೇ ಇಲ್ಲ. ನಾಲ್ಕಂಕಿಯ ಗುಟ್ಟು ಒತ್ತಿದರೆ ಮಾತ್ರ ಬಾಯಿ ತೆರೆಯುತ್ತದೆ. ಸಿಸ್ಟರ್ ಮೊದಲ ಸಾಲಿನಲ್ಲಿ ತಮ್ಮದೇ ಹೆಸರು, ತಮ್ಮದೇ ರಕ್ತದೊತ್ತಡ ತುಂಬಿ, ಊರಿಗೆಲ್ಲ ಹೇಳಿ, ಮರುದಿನ ಏಳಕ್ಕೆ ಸಂತೆಕಟ್ಟೆಯ ಮೇಲೆ ಸೆರಗು ಸಿಕ್ಕಿಸಿ ನಿಂತರು. ಗೊರವಂಕಗಳು ಬೀಜದಂಗಡಿಯವನ ಮಾಲಿನ ಪಟ್ಟಿ ಹೇಳಿದವು, ಯಾರೋ ಅಳಿಯನನ್ನು ಊಟಕ್ಕೆ ಕರೆದದ್ದು ಹೇಳಿದವು, ಎರಡು ಸಿಳ್ಳು ಹಾಕಿದವು, ಹಾರಿಹೋದವು. ಸಿಸ್ಟರ್ ಬಿಪಿಯ ಸುದ್ದಿ ಬರಲೇ ಇಲ್ಲ. ಮಂದಿ ಚಪ್ಪಾಳೆ ತಟ್ಟಿದರು. ಸಿಸ್ಟರ್ ಫೋನು ಎತ್ತಿ ಹಿಡಿದು, "ಇದು ಇದರಾಗ ಒಂದ ಕಡೆ ಇರತೈತಿ. ಇನ್ನೊಂದು ಕಡೆ ಎಲ್ಲೂ ಇಲ್ಲ. ನನ್ನ ಮಾತು" ಎಂದರು.

ಜನ ಮತ್ತೆ ಬಂದರು. ದಾಕ್ತರು ಇರುವುದು ಗುಡ್ಡದಾಚೆಯ ಊರಿನಲ್ಲಿ, ಅಲ್ಲಿಂದ ಬರೆಸಿಕೊಂಡು ಬಂದ ಚೀಟಿಯನ್ನು ಸಿಸ್ಟರ್‌ಗೆ ತೋರಿಸಿ, ಹಗೇವಿಗೆ ತುಂಬಿಸಿ, ಚೀಟಿಯನ್ನು ಅಲ್ಲೇ ಒಲೆಗೆ ಹಾಕಿ ಹೋಗುತ್ತಿದ್ದರು. ಗುಳಿಗೆಗಳನ್ನೂ ಸಿಸ್ಟರ್ ಹೆಸರು ಅಚ್ಚಾದ ಹಾಳೆಯಿಂದ ಬಿಡಿಸಿ ಬಿಳಿ ಬಟ್ಟೆಯ ಸಣ್ಣ ಚೀಲದಲ್ಲಿ ಕಟ್ಟಿಕೊಡುತ್ತಿದ್ದರು, ನೋಡಿದವರಿಗೆ ಯಾವ ಗುಳಿಗೆ ಎಂದು ತಿಳಿಯಬಾರದೆಂದು. ತಿಂಗಳಿಗೊಮ್ಮೆ, ಮೊದಲ ಸೋಮವಾರ, ಚೀಲ ತುಂಬಿಕೊಳ್ಳುವ ದಿನ. ವರ್ಷ ಕಳೆಯುವುದರೊಳಗೆ ನೂರಾಹನ್ನೆರಡು ಸಾಲು ಆದವು.

ಒಂದು ದಿನ ಸಿಸ್ಟರ್ ಬಂದು, "ರಾಜಮತಿ, ಆ ಟಿಪ್ಪಣಿ ಅನ್ನೂದು ಇನ್ನೂರು ಅಕ್ಷರಕ್ಕ ನಿಲ್ಲತೈತಿ, ಉದ್ದ ಮಾಡಿ ಕೊಡು" ಎಂದರು. ಅದರಲ್ಲಿ ಏನು ಬರೆಯುತ್ತೀರಿ ಎಂದು ಕೇಳಿದೆ. ಅಂಗಡಿಯಲ್ಲಿ ಬೇರೆ ಯಾರೂ ಇಲ್ಲವೆಂದು ನೋಡಿಕೊಂಡರು. ಆಮೇಲೆ, "ಮಂದಿ ಗುಳಿಗಿ ಒಯ್ಯಾಕ ಬಂದಾವ್ರು ಏನರೆ ಹೇಳತಾರ. ಇದನ್ನೂ ಒಳಗ ಹಾಕ್ರಿ ಸಿಸ್ಟರ್ ಅಂತಾರ. ಹಾಕತೀನಿ. ಹಾಕಿದ ಮ್ಯಾಲ ಹಗರಾಗಿ ಹೋಗತಾರ" ಎಂದರು. ಊರಿನಲ್ಲಿ ಯಾರಿಗೂ ಹೇಳಲಾಗದ್ದು, ಫೋನಿನಲ್ಲಂತೂ ಹೇಳಲೇಬಾರದ್ದು ಎಲ್ಲಾ ನಾನು ಜಾಗ ಉಳಿಯಿತೆಂದು ಮಾಡಿದ ಆ ಕಾಲಂನಲ್ಲಿ ಹೋಗಿ ಕೂತಿತ್ತು.

ಇಲ್ಲಿಂದ ಮುಂದಿನದು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಪಟ್ಟಿಯ ಕಾಲಂ ಬದಲಿಸುವ ಮೊದಲು ಕಡತದ ಪ್ರತಿಯೊಂದನ್ನು ತೆಗೆದಿಟ್ಟುಕೊಳ್ಳುವುದು ನನ್ನ ಕೆಲಸದ ಕ್ರಮ. ಎಡವಟ್ಟಾದರೆ ಮತ್ತೆ ತುಂಬಬಹುದು. ಹಾಗೆಯೇ ಸಿಸ್ಟರ್ ಚಹಾ ಕುಡಿಯುವಾಗ ಕೇಬಲ್ ಹಾಕಿ ನನ್ನ ಕಂಪ್ಯೂಟರಿಗೆ ಪ್ರತಿ ಇಳಿಸಿಕೊಂಡೆ. ಅವರಿಗೆ ಹೇಳಲಿಲ್ಲ. ಕಾಲಂ ಉದ್ದ ಮಾಡಿ ಫೋನು ವಾಪಸು ಕೊಟ್ಟೆ. ಅವರು ಹೋದ ಮೇಲೆ ಪ್ರತಿ ಅಳಿಸಬೇಕಿತ್ತು. ಅಳಿಸುವ ಮೊದಲು, ಉದ್ದದ ಟಿಪ್ಪಣಿ ಸರಿಯಾಗಿ ತೆರೆಯುತ್ತದೆಯೇ ನೋಡೋಣ ಎಂದು ಒಂದು ಸಾಲು ಮುಟ್ಟಿದೆ. ತೆರೆಯಿತು. ಮೇಲೆ ತ್ರಿಶಲವ್ವ ಎಂಬ ಹೆಸರಿತ್ತು. ಕಣ್ಣು ಮುಚ್ಚಬಹುದಿತ್ತು. ಮುಚ್ಚಲಿಲ್ಲ.

ಟಿಪ್ಪಣಿ ಹೀಗಿತ್ತು: "ಕೈ ನಡುಗತಾವ. ಸೊಸಿಗೆ ಹೇಳಬ್ಯಾಡ್ರಿ. ಅವತ್ತ ಆಕಿ ಅಕ್ಕನ ಮುಂದ ಚಾದ ಕಪ್ಪ ಕೈಯಾಗಿಂದ ಜಾರಿತು. ಸಿಟ್ಟಿಲೆ ಒಗದ್ಯಾ ಅಂತ ತಿಳಕೊಂಡಾಳ. ಹಂಗ ತಿಳಕೊಳ್ಳಲಿ. ಕೈಲಾಗದಾಕಿ ಅನ್ನಿಸಿಕೊಳ್ಳೂದಕಿಂತ ಕೆಟ್ಟಾಕಿ ಅನ್ನಿಸಿಕೊಂಡ್ರ ನಡೀತೈತಿ. ಹುಡುಗಿ ದಿನಾ ದುಡದು ಸಾಕಾಗಿ ಬರತಾಳ. ಅದರ ಮ್ಯಾಲ ನನ್ನ ಆರೈಕಿ ಬ್ಯಾರೆ ಯಾಕ."

ಓಡಿಹೋಗಿ ಕಾಲು ಹಿಡಿಯಬೇಕು ಅನ್ನಿಸಿತು. ಹಿಡಿದರೆ ಹೇಗೆ ಗೊತ್ತಾಯಿತು ಎಂದು ಕೇಳುತ್ತಾರೆ, ಏನು ಹೇಳಲಿ? ಸುಮ್ಮನಾದೆ. ಪ್ರತಿಯನ್ನೂ ಅಳಿಸಲಿಲ್ಲ. ಜೋಪಾನಕ್ಕೆ ಇರಲಿ ಎಂದು ನನಗೆ ನಾನೇ ಹೇಳಿಕೊಂಡೆ, ಅದು ಸುಳ್ಳು. ಆ ಒಂದು ಸಾಲನ್ನು ಮತ್ತೆ ಮತ್ತೆ ತೆರೆದು ಓದುತ್ತಿದ್ದೆ, ಅದಕ್ಕೇ ಇಟ್ಟುಕೊಂಡೆ. ಉಳಿದವರ ಸಾಲನ್ನು ಮುಟ್ಟಲಿಲ್ಲ, ನಂಬುವವರು ನಂಬಲಿ. ಮನೆಯಲ್ಲಿ ಮಾತ್ರ ನಾವಿಬ್ಬರೂ ಕಸಬರಿಗೆಗೇ ಮಾತಾಡಿಕೊಂಡು ಮೂರು ತಿಂಗಳು ಕಳೆದೆವು.

ಆಮೇಲೆ ಆ ಶನಿವಾರ ಬಂತು. ಸಿಸ್ಟರ್ ಎರಡು ದಿನದ ತರಬೇತಿಗೆಂದು ಬೆಳಗಿನ ಬಸ್ಸಿಗೆ ಹೊರಟಿದ್ದರು. ಅಂಗಡಿಯ ಮುಂದಿನಿಂದಲೇ ಕೈ ಬೀಸಿ ಹೋದರು. ಒಂದು ತಾಸಿನ ಮೇಲೆ ನೋಡಿದರೆ ನಾಕಾದಿಂದ ನಡೆದುಕೊಂಡೇ ವಾಪಸು ಬರುತ್ತಿದ್ದಾರೆ. ಬಿಸಿಲಲ್ಲಿ ಮುಖ ಬಿಳಿಚಿತ್ತು. ಬಂದವರೇ ಸ್ಟೂಲಿನ ಮೇಲೆ ಕುಸಿದು ಫೋನು ನನ್ನ ಮುಂದಿಟ್ಟರು. "ಮಾಬು ಕಿಸೆ ಜಾಡಸ್ರಿ ಅಂದ. ಎಲ್ಲಾರೂ ಜಾಡಿಸಿದ್ರು. ನಾನೂ ಬಾಜೂಕಿನಾಕಿ ಕೂಡ ಮಾತಾಡಕೋತ ಎಲ್ಲಾ ಒತ್ತಿಬಿಟ್ಟೆ. ಎಲ್ಲಾದಕ್ಕೂ ಒತ್ತಿದೆ, ರಾಜಮತಿ. ಇದಕ್ಕೂ ಒತ್ತಿದೆ" ಎಂದರು.

ಹಗೇವು ತೆರೆದೆ. ಹೊಸ ಆಪಿನಂತೆ ಗುಟ್ಟಿನ ಅಂಕಿ ಇಡಿ ಎಂದು ಕೇಳಿತು. ಒಳಗೆ ಒಂದು ಸಾಲೂ ಇರಲಿಲ್ಲ. ಏನನ್ನೂ ಹೊರಗೆ ಕಳಿಸದ ಆಪನ್ನು ಜಾಡಿಸುವ ಅಗತ್ಯವೇ ಇರಲಿಲ್ಲ, ಅದನ್ನು ಹೇಳಬೇಕಾದವಳು ನಾನು, ಹೇಳಿರಲಿಲ್ಲ. ಊರಿಗೆಲ್ಲ ಜಾಡಿಸಲು ಕಲಿಸಿದ ಜಾಣೆಗೆ ಇದೊಂದು ಹೊಳೆಯಲಿಲ್ಲ ನೋಡಿ! ಅಳಿಸಿದ್ದನ್ನು ಹೆಕ್ಕಿ ತೆಗೆಯಲು ನನಗೆ ಗೊತ್ತಿದ್ದ ಉಪಾಯವನ್ನೆಲ್ಲ ಮಾಡಿದೆ, ಒಂದಕ್ಷರವೂ ಬರಲಿಲ್ಲ. ಸಿಸ್ಟರ್ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾ, "ಮಾರಿ ಎಲ್ಲಾರವೂ ನೆನಪದಾವ. ಗುಳಿಗಿ ಎಷ್ಟು ಅನ್ನೂದು ನೆನಪಿಲ್ಲ. ಒಬ್ಬಾಕಿಗೆ ಅರ್ಧಾ, ಒಬ್ಬಾಕಿಗೆ ಎರಡು. ಸೋಮವಾರ ಎಲ್ಲಾರೂ ಚೀಲ ಹಿಡಕೊಂಡು ಬರತಾರ. ಹೆಚ್ಚು ಕೊಟ್ರ ಏನರೆ ಆಗತೈತಿ, ಕೊಡಲಿಲ್ಲಂದ್ರ ದ್ಯಾಮವ್ವನಂಗ ಬೀಳತಾರ. ಎಲ್ಲಾರನ್ನೂ ಗುಡ್ಡದಾಚೆ ದಾಕ್ತರ ಕಡೆ ಕಳಸಬೇಕಂದ್ರ ತಿಂಗಳು ಬೇಕು" ಎಂದರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ನನ್ನ ಮೊಣಕಾಲಿಗೆ ತಾಗುವಂತೆ ಮೇಜಿನ ಕೆಳಗೇ ಕಂಪ್ಯೂಟರ್ ಇತ್ತು. ಅದರಲ್ಲಿ ಮೂರು ತಿಂಗಳ ಹಿಂದಿನ ತೊಂಬತ್ತೇಳು ಸಾಲು. ಹೇಳಿದರೆ ನನ್ನ ಅಂಗಡಿ ಮುಚ್ಚಿದಂತೆಯೇ, ಈ ಊರಿನಲ್ಲಿ ಗುಟ್ಟು ಕದ್ದವಳ ಕೈಗೆ ಇನ್ನು ಯಾರು ಫೋನು ಕೊಡುತ್ತಾರೆ? ಅದಕ್ಕಿಂತ ಹೆಚ್ಚಾಗಿ ಅತ್ತೆಗೆ ಗೊತ್ತಾಗುತ್ತದೆ. ಹೇಳದಿದ್ದರೆ ಸೋಮವಾರ ಬರುತ್ತದೆ. ಸಿಸ್ಟರ್ ಎದ್ದು ಹೊರಡುವಾಗ ನನ್ನ ಬಾಯಿ ತಾನೇ ತೆರೆಯಿತು. "ಸಿಸ್ಟರ್, ನನ್ನ ಕಡೆ ಒಂದು ಪ್ರತಿ ಐತ್ರಿ" ಎಂದೆ.

ಅವರು ತಿರುಗಿ ನಿಂತರು. ಮೊದಲು ಮುಖದಲ್ಲಿ ಬೆಳಕು ಬಂತು, ಆಮೇಲೆ ಅರ್ಥವಾಗಿ ಆರಿತು. "ನನ್ನ ಬಾಯಿಲೆ ಮಂದಿಗೆ ಏನ ಹೇಳಿಸಿದಿ ನೀ? ಒಂದ ಕಡೆ ಇರತೈತಿ, ಇನ್ನೊಂದು ಕಡೆ ಎಲ್ಲೂ ಇಲ್ಲ ಅಂತ. ಕಟ್ಟಿ ಮ್ಯಾಲ ನಿಂತು ಹೇಳೀನಿ!" ಎಂದು ಕೂಗಿದರು. ನಾನು ತಲೆ ತಗ್ಗಿಸಿದೆ. "ಓದಿಯೇನು?" "ಒಂದ ಸಾಲು ಓದೀನ್ರಿ." "ಯಾರದು?" "ನಮ್ಮ ಅತ್ತಿದು." ಸಿಸ್ಟರ್ ಮತ್ತೆ ಸ್ಟೂಲಿನ ಮೇಲೆ ಕೂತರು.

ಕೊನೆಗೆ ಅವರೇ ಮಾತು ತೆಗೆದರು. "ಕೇಳಲಾರದ ತುಂಬಿದ್ರ ಅದೂ ಕಳವು ಆಗತೈತಿ. ಮನಿಮನಿಗೆ ಹೋಗಿ ಕೇಳಿದ್ರ ಯಾರ್ಯಾರ ಮನಿ ಅಂತ ಊರಿಗೆ ತಿಳೀತೈತಿ. ನಾಳೆ ಮುಂಜಾನೆ ಸಂತೆಕಟ್ಟಿ ಮ್ಯಾಲ ಎಲ್ಲಾರ ಮುಂದ ಖರೇ ಹೇಳಿ ಕೇಳತೀನಿ. ಅವರು ಬ್ಯಾಡ ಅಂದ್ರ ಪ್ರತಿ ಅಲ್ಲೇ ಅಳಿಸಬೇಕು, ಮುಂದಿಂದು ಆದಂಗ ಆಗಲಿ. ಆದ್ರ ಓದಿದ್ದು ಯಾರದು, ಆಕಿ ಮುಂದ ನೀ ಇವತ್ತ ಹೇಳಬೇಕು. ಊರಾಗ ಕೇಳೂಕಿಂತ ಮೊದಲ ಆಕಿ ಮನಿಯಾಗ ಕೇಳಲಿ." ಹೂಂ ಎಂದೆ. ಅಷ್ಟು ಭಾರವಾದ ಹೂಂ ನಾನು ಜನ್ಮದಲ್ಲಿ ಅಂದಿರಲಿಲ್ಲ.

ನಮ್ಮ ಮನೆಯಲ್ಲಿ ಹೊತ್ತು ಮುಳುಗುವ ಮೊದಲು ಊಟ. ಅತ್ತೆ ಊಟ ಮುಗಿಸಿ, ಕೈಗಳನ್ನು ಸೆರಗಿನೊಳಗೆ ಮಾಡಿಕೊಂಡು ಪಡಸಾಲೆಯಲ್ಲಿ ಕೂತಿದ್ದರು. ನಾನು ಎದುರಿಗೆ ಕೂತು, ಕಸಬರಿಗೆಯ ಕಡೆ ನೋಡದೆ ನೇರ ಅವರನ್ನೇ ನೋಡಿ, "ಅತ್ತ್ಯಾರ, ನನ್ನದೊಂದು ತಪ್ಪಾಗೇತ್ರಿ" ಎಂದು ಶುರುಮಾಡಿ ಎಲ್ಲವನ್ನೂ ಹೇಳಿದೆ. ಪ್ರತಿ ತೆಗೆದದ್ದು, ಸಾಲು ತೆರೆದದ್ದು, ಮೂರು ತಿಂಗಳಿಂದ ದಿನಾ ಓದಿದ್ದು. ಅವರ ಮುಖ ಕಲ್ಲಾಯಿತು. ಮುಗಿಸಿದಾಗ ಅವರು ಕಸಬರಿಗೆಯ ಕಡೆ ತಿರುಗಿ, "ಮಂದಿ ಪೆಟಗಿ ತಗದು ನೋಡೂದು ಕಲತಾರಂತ, ಕೇಳಿದೇನು?" ಎಂದರು. ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ನಾನು ಹೊರಗೆ ಕೂತು ಕಣ್ಣೀರು ಹಾಕಿದೆ, ಅವರು ಒಳಗೆ ಏನು ಮಾಡಿದರೋ ನನಗೆ ತಿಳಿಯಲಿಲ್ಲ.

ಭಾನುವಾರ ಬೆಳಿಗ್ಗೆ ಎಂದಿನಂತೆ ಸಂತೆಕಟ್ಟೆಯ ಸುತ್ತ ಇಡೀ ಊರು ನೆರೆದಿತ್ತು. ಗೊರವಂಕಗಳು ಹೇಳುವುದನ್ನೆಲ್ಲ ಹೇಳಿ ಹಾರಿದ ಮೇಲೆ ಸಿಸ್ಟರ್ ಕಟ್ಟೆ ಹತ್ತಿದರು. ಒಂದನ್ನೂ ಮುಚ್ಚಿಡದೆ ಹೇಳಿದರು. ತಾವು ನಾಕಾದಲ್ಲಿ ಒತ್ತಿದ್ದು, ಹಗೇವು ಬರಿದಾದದ್ದು, ರಾಜಮತಿಯ ಹತ್ತಿರ ಪ್ರತಿ ಇರುವುದು, ಅದರಲ್ಲಿ ಅವಳು ಒಂದು ಸಾಲು ಓದಿದ್ದು. "ಒಂದ ಕಡೆ ಇರತೈತಿ ಅಂತ ಮಾತು ಕೊಟ್ಟಾಕಿ ನಾನು. ಅದು ಸುಳ್ಳಾತು. ನನ್ನ ಕ್ಷಮಾ ಮಾಡ್ರಿ. ಈಗ ಆ ಪ್ರತಿ ತುಂಬಲೋ ಬ್ಯಾಡೋ, ನೀವು ಹೇಳಿದಂಗ" ಎಂದರು.

ಗದ್ದಲ ಎದ್ದಿತು. "ಒಂದ ಸಾಲು ಅಂತ ಹೆಂಗ ನಂಬೂದು?" "ಎಲ್ಲಾ ಓದಿರಬೇಕು!" "ಅಂಗಡಿ ಕೀಲಿ ಹಾಕ್ರಿ ಮೊದಲ!" ನಿನ್ನೆಯವರೆಗೆ ರಾಜಕ್ಕ ರಾಜಕ್ಕ ಎನ್ನುತ್ತಿದ್ದವರು ನನ್ನ ಸುತ್ತಲಿನಿಂದ ಒಂದೊಂದು ಹೆಜ್ಜೆ ಹಿಂದೆ ಸರಿದು ನನ್ನೊಬ್ಬಳನ್ನೇ ನಡುವೆ ಬಿಟ್ಟರು. ದ್ಯಾಮವ್ವ ಹೂವಿನ ಬುಟ್ಟಿ ಹಿಡಿದು ಯಾರ ಮುಖ ನೋಡುವುದೋ ತಿಳಿಯದೆ ನಿಂತಿದ್ದಳು, ಸೋಮವಾರ ಅವಳ ಚೀಲಕ್ಕೆ ಏನು ಹಾಕಬೇಕೆಂದು ಸಿಸ್ಟರ್‌ಗೂ ಗೊತ್ತಿರಲಿಲ್ಲ, ಅವಳಿಗೂ ಗೊತ್ತಿರಲಿಲ್ಲ. "ಅಳಸ್ರಿ, ಅಳಸ್ರಿ" ಎಂಬ ಕೂಗು ಜೋರಾಯಿತು. ಸಿಸ್ಟರ್ ನನ್ನ ಕಡೆ ನೋಡಿ, ಆಯಿತು ಎನ್ನುವಂತೆ ತಲೆ ಆಡಿಸಿದರು.

ಆಗ ಮಂದಿ ದಾರಿ ಬಿಟ್ಟರು. ನನ್ನ ಅತ್ತೆ ಬರುತ್ತಿದ್ದರು. ತಿಂಗಳಿಗೊಮ್ಮೆ ಆರೋಗ್ಯ ಕೇಂದ್ರಕ್ಕೆ ಹೋಗುವುದು ಬಿಟ್ಟರೆ ವರ್ಷದಿಂದ ಮನೆಯ ಹೊಸ್ತಿಲು ದಾಟದವರು ಒಬ್ಬರೇ ನಡೆದುಕೊಂಡು ಬಂದು, ಕಟ್ಟೆಯ ಮೆಟ್ಟಿಲು ಹತ್ತಿ, ಊರಿನ ಎದುರಿಗೆ ನಿಂತರು. ಸೆರಗಿನೊಳಗಿನಿಂದ ಎರಡೂ ಕೈ ತೆಗೆದು ಮುಂದೆ ಚಾಚಿದರು. ಕೈಗಳು ನಡುಗುತ್ತಿದ್ದವು, ದೂರ ನಿಂತವರಿಗೂ ಕಾಣುವಷ್ಟು. "ನೋಡ್ರಿ ಛಂದಾಗಿ. ಆಕಿ ಓದಿದ ಸಾಲು ಇದು" ಎಂದರು.

ಗದ್ದಲ ನಿಂತಿತು. ಅತ್ತೆ ಕೈ ಕೆಳಗಿಳಿಸಲಿಲ್ಲ. "ನನ್ನ ಸೊಸಿ ತಪ್ಪು ಮಾಡ್ಯಾಳ. ಅದಕ್ಕ ಆಕಿನ್ನ ನಾ ಮನಿಯಾಗ ನೋಡಕೋತೀನಿ, ನೀವು ನಡುವ ಬರಬ್ಯಾಡ್ರಿ. ಓದಿದ ಮ್ಯಾಲ ಮೂರು ತಿಂಗಳು ಆಕಿ ಯಾರ ಮುಂದೂ ಬಾಯಿ ಬಿಟ್ಟಿಲ್ಲ. ನನ್ನ ಮುಂದೂ ಬಿಟ್ಟಿಲ್ಲ. ಚಾ ಮಾತ್ರ ಅವತ್ತಿನಿಂದ ಅರ್ಧಾ ಲೋಟಾನ ಕೊಡಾಕತ್ತಾಳ, ಚೆಲ್ಲಬಾರದಂತ. ನಾ ಏನು ಹುಚ್ಚಿಯೇನು, ತಿಳೀದ ಇರಾಕ? ಅವತ್ತ ತಿಳೀತು ನನಗ. ಈ ಹಾಳ ಹಕ್ಕಿಗಿ ನೆಚ್ಚೂಕಿಂತ ನನ್ನ ಸೊಸಿನ್ನ ನೆಚ್ಚಬಹುದು. ನನ್ನ ಸಾಲು ತುಂಬ್ರಿ, ಸಿಸ್ಟರ್. ನನಗ ನಾಳೆ ಗುಳಿಗಿ ಬೇಕು" ಎಂದರು.

ಆಮೇಲೆ ಹಿಂದಿನಿಂದ ಕಲ್ಲಪ್ಪ ಮಾಸ್ತರರು, "ನಂದಂತೂ ಹಕ್ಕಿಗೋಳ ಆಗಲೇ ಸಾರ್ಯಾವ. ನಂದೂ ತುಂಬಿಬಿಡ್ರಿ" ಎಂದಾಗ ನಗು ಹರಿದುಹೋಯಿತು. ದ್ಯಾಮವ್ವ "ನಂದೂ" ಎಂದಳು. ಇನ್ನೊಬ್ಬರು, ಮತ್ತೊಬ್ಬರು. ಮಾತಾಡಲಾರದವರು ಸುಮ್ಮನೆ ಕೈ ಎತ್ತಿದರು. ಯಾರು ಎತ್ತಿದರು ಎಂದು ಯಾರೂ ತಿರುಗಿ ನೋಡಲಿಲ್ಲ, ನಮ್ಮೂರಿನಲ್ಲಿ ಇಂಥದ್ದನ್ನು ನಾನು ಮೊದಲ ಸಲ ಕಂಡೆ.

ಕಂಪ್ಯೂಟರನ್ನು ಆರೋಗ್ಯ ಕೇಂದ್ರಕ್ಕೆ ಒಯ್ದು, ಕೇಬಲ್ ಹಾಕಿ, ಗಾಳಿಗೆ ಒಂದಕ್ಷರವನ್ನೂ ಬಿಡದೆ ತುಂಬಿದೆ. ಬೇಡ ಎಂದ ಒಂಬತ್ತು ಜನ ಒಬ್ಬೊಬ್ಬರೇ ಒಳಗೆ ಬಂದರು, ಅವರವರ ಕೈಯಿಂದಲೇ ಅವರವರ ಸಾಲು ಅಳಿಸಿದರು. ಅವರನ್ನೂ ಪ್ರತಿ ತೆಗೆದ ಮೇಲೆ ಸೇರಿದ ಹದಿನೈದು ಜನರನ್ನೂ ಸಿಸ್ಟರ್ ಮರುದಿನದ ಬಸ್ಸಿಗೆ ದಾಕ್ತರ ಹತ್ತಿರ ಕಳಿಸಿದರು, ಅಷ್ಟು ಜನರಾದರೆ ಒಂದೇ ದಿನದ ಕೆಲಸ. ಕಂಪ್ಯೂಟರಿನಲ್ಲಿದ್ದದ್ದನ್ನು ಸಿಸ್ಟರ್ ಎದುರಿಗೇ ಅಳಿಸಿದೆ. ಇನ್ನು ಮೇಲೆ ಎರಡು ಕಡೆ ಇರಲಿ, ಆದರೆ ಎರಡನೆಯದು ಎಲ್ಲಿದೆ ಎಂದು ಎಲ್ಲರಿಗೂ ಗೊತ್ತಿರಲಿ ಎಂದು ಮಂದಿಯೇ ತೀರ್ಮಾನ ಮಾಡಿದರು. ಒಂದು ಮೆಮೊರಿ ಕಾರ್ಡಿಗೆ ಇಳಿಸಿ ಸಿಸ್ಟರ್ ಕಪಾಟಿನಲ್ಲಿಟ್ಟು ಕೀಲಿ ಹಾಕಿದೆವು. ಇಷ್ಟೆಲ್ಲ ಮುಗಿಯುವಾಗ ಮಧ್ಯಾಹ್ನವಾಗಿತ್ತು. ಸಿಸ್ಟರ್ ನನ್ನ ಬೆನ್ನು ತಟ್ಟಲಿಲ್ಲ, ಬೈಯಲೂ ಇಲ್ಲ. "ಮನಿಗೆ ಹೋಗು" ಎಂದರು.

ಮನೆಗೆ ಹೋದೆ. ಅತ್ತೆ ಹಿತ್ತಲ ಕಟ್ಟೆಯ ಮೇಲೆ ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದರು. ಪಕ್ಕದಲ್ಲಿ ಬಾಚಣಿಗೆ, ಎಣ್ಣೆಯ ಬಟ್ಟಲು. ನಾನು ಬಾಗಿಲಲ್ಲೇ ನಿಂತೆ. "ಅಲ್ಲ್ಯಾಕ ನಿಂತಿ, ಬಾ ಇಲ್ಲಿ ರಾಜಮತಿ" ಎಂದರು, ನನಗೇ, ಕಸಬರಿಗೆಗಲ್ಲ. ಹೋದೆ. ಅವರು ತಲೆಯ ಮೇಲಿನ ಸೆರಗು ಜಾರಿಸಿದರು. ವರ್ಷದಿಂದ ಮನೆಯೊಳಗೂ ತಲೆಯ ಮೇಲೆ ಸೆರಗು ಹೊದ್ದೇ ಇರುತ್ತಿದ್ದರು, ನನಗೆ ಮುಖ ತೋರಿಸಲು ಇಷ್ಟವಿಲ್ಲದೆ ಎಂದುಕೊಂಡಿದ್ದೆ. ಒಳಗೆ ಕೂದಲೆಲ್ಲ ಗಂಟು ಗಂಟಾಗಿ, ಜಡೆಗಟ್ಟಿ, ಕತ್ತಿಗೆ ಅಂಟಿಕೊಂಡಿತ್ತು. "ವರ್ಷಾತು, ಬಾಚಿಕೊಳ್ಳಾಕ ಬರವಲ್ದು. ತುರುಬ ಕಟ್ಟಾಕ ಕೈ ನಿಲ್ಲವಲ್ವು. ಯಾರಿಗೆ ಹೇಳಲಿ" ಎಂದರು.

ನಾನು ಹಿಂದೆ ಕೂತು ಬಾಚಣಿಗೆ ತೆಗೆದುಕೊಂಡೆ. ಕೈಗೆ ಎಣ್ಣೆ ಹಚ್ಚಿಕೊಂಡು ಮೊದಲ ಗಂಟು ಹಿಡಿದೆ, ಕಣ್ಣು ತುಂಬಿ ಏನೂ ಕಾಣದಾಯಿತು. ನನ್ನ ಹನಿ ಅವರ ಕತ್ತಿನ ಮೇಲೆ ಬಿದ್ದಿರಬೇಕು. ಅತ್ತೆ ತಿರುಗಲಿಲ್ಲ. "ಅಳೂದೆಲ್ಲಾ ಆಮ್ಯಾಲ," ಎಂದರು, "ಮೊದಲ ಸಿಕ್ಕು ಬಿಡಸು."